ಮುಳ್ಳು ನಿಲ್ಲೋತನಕ

ಹೋದ ಮಾಘದಲ್ಲಿ ಬೆಂಗಳೂರಿನಿಂದ ಒಂದು ಫೋನ್ ಬಂತು. ಗೊತ್ತಿಲ್ಲದ ನಂಬರ್. "ಸರ್, ನಿಮ್ಮ ಓಣಿಯ ಹುಡುಗರೊಬ್ಬರ ಬಗ್ಗೆ ಸ್ವಲ್ಪ ವಿಚಾರಿಸಬೇಕಿತ್ತು" ಅಂದರು. ತಂಗಿಗೆ ವರ ನೋಡುತ್ತಿದ್ದರಂತೆ. ನಮ್ಮ ಬಾಗಲಕೋಟೆ ಕಡೆ ಇದು ಮಾಮೂಲು. ಹುಡುಗನ ಮನೆಯವರು ಹೇಳಿದ್ದನ್ನು ಯಾರೂ ನಂಬುವುದಿಲ್ಲ. ಎದುರು ಮನೆಯವರು ಹೇಳಿದ್ದನ್ನು ಮಾತ್ರ ನಂಬುತ್ತಾರೆ. ಆ ಹುಡುಗ ಗೋಲಿ ಆಡುತ್ತಿದ್ದ ಕಾಲದಿಂದಲೂ ನಾನು ನೋಡಿದ್ದೇನೆ. ಹೆಚ್ಚು ಯೋಚಿಸದೆ ಹೇಳಿಬಿಟ್ಟೆ: "ಭಾಳ ತೂಕದ ಹುಡುಗ ಅದಾನ್ರೀ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಳುಕುತ್ತಲೇ ಕೇಳಿದರು. "ಹೌದಾ ಸರ್? ಫೋಟೋದಲ್ಲಿ ಸಣ್ಣಗೇ ಕಾಣಿಸ್ತಾರಲ್ವಾ?"

ನಗು ತಡೆದುಕೊಂಡು ತಿಳಿಸಿ ಹೇಳಿದೆ. ಆ ತೂಕ ಅಲ್ಲ, ಸ್ವಭಾವದ ತೂಕ. ದುಡುಕುವುದಿಲ್ಲ, ಹಾರಾಡುವುದಿಲ್ಲ, ಆಡಿದ ಮಾತು ಆಡಿದ ಹಾಗೆ ಇರುತ್ತದೆ. "ಓ, ಸೋಬರ್ ಅಂತೀರಾ" ಅಂದರು. "ಹಾಂ, ಅದೇ ಅಂದುಕೊಳ್ಳಿ" ಅಂದೆ. ಫೋನ್ ಇಟ್ಟ ಮೇಲೆ ಮಾತ್ರ ಮನಸ್ಸಿಗೆ ಸರಿ ಅನ್ನಿಸಲಿಲ್ಲ. ಅದೇ ಅಲ್ಲ ಅದು.

ಸೋಬರ್ ಎನ್ನುವ ಮಾತಿನ ಮೂಲ ಲ್ಯಾಟಿನ್ನಿನ ‘ಸೋಬ್ರಿಯಸ್’. ಕುಡಿದಿಲ್ಲದವನು ಎಂದು ಅದರ ಮೊದಲ ಅರ್ಥ. ಗಂಡು ನೋಡುವವರಿಗೆ ಆ ಅರ್ಥವೂ ಬೇಕೇ ಬೇಕು ಬಿಡಿ. ಎದುರು ಮನೆಗೆ ಫೋನ್ ಮಾಡುವುದೇ ಅರ್ಧ ಅದಕ್ಕೆ. ಆದರೆ ಕುಡಿಯದವರೆಲ್ಲ ತೂಕದವರಲ್ಲ. ಜೀವನದಲ್ಲಿ ಒಂದು ಹನಿ ಮುಟ್ಟದೆ ಊರೆಲ್ಲ ಕಿತ್ತಾಡಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ನಮ್ಮ ಮಾತು ಬೇರೆ ಏನನ್ನೋ ಹೇಳುತ್ತಿದೆ. ಅದೇನು ಎಂದು ಅವತ್ತಿನಿಂದ ತಲೆಯಲ್ಲಿ ಹುಳ ಹೊಕ್ಕಿದೆ.

ಇಂಥ ಮನುಷ್ಯನನ್ನು ಕರೆಯಲು ನಮ್ಮಲ್ಲಿ ಮಾತಿಗೇನೂ ಬರ ಇಲ್ಲ. ನಿಧಾನಸ್ಥ ಅನ್ನುತ್ತೇವೆ. ಸಮಾಧಾನಿ ಅನ್ನುತ್ತೇವೆ. ನಮ್ಮ ಕಡೆ ಶ್ಯಾಣ್ಯಾ ಅಂತಲೂ ಅನ್ನುತ್ತಾರೆ, ಅದು ಮರಾಠಿಯ ಶಹಾಣಾ. ಅದರಲ್ಲಿ ಜಾಣತನ ಜಾಸ್ತಿ, ಒಮ್ಮೊಮ್ಮೆ ಸ್ವಲ್ಪ ಕಿಲಾಡಿತನವೂ ಇದೆ. "ಭಾಳ ಶ್ಯಾಣ್ಯಾ ಆಗ್ಯಾನ" ಅಂದರೆ ಅದು ಹೊಗಳಿಕೆ ಅಲ್ಲ. ಧೀರ ಎನ್ನುವ ಮಾತೂ ಒಂದು ಕಾಲಕ್ಕೆ ಸ್ಥಿರವಾದವನು, ಅಲುಗದವನು ಎಂಬ ಅರ್ಥವನ್ನೇ ಹೊತ್ತಿತ್ತು. ನಾವು ಅವನ ಕೈಗೆ ಕತ್ತಿ ಕೊಟ್ಟು ಕುದುರೆ ಹತ್ತಿಸಿ ಚೌಕದಲ್ಲಿ ನಿಲ್ಲಿಸಿಬಿಟ್ಟೆವು.

ಗಂಭೀರ ಎನ್ನುವುದು ಇವುಗಳಲ್ಲಿ ದೊಡ್ಡ ಮಾತು. ಸಂಸ್ಕೃತದಲ್ಲಿ ಅದರ ಮೊದಲ ಅರ್ಥ ಆಳ. ಋಗ್ವೇದದ ಹತ್ತನೇ ಮಂಡಲದಲ್ಲಿ, ಸೃಷ್ಟಿಗೆ ಮುಂಚೆ ಏನಿತ್ತು ಎಂದು ಕೇಳುವ ಸೂಕ್ತದಲ್ಲಿ, ‘ಗಹನಂ ಗಭೀರಂ’ ಎಂದು ಬರುವುದು ನೀರಿನ ಬಗ್ಗೆ. ಮನುಷ್ಯನ ಮುಖದ ಬಗ್ಗೆ ಅಲ್ಲ. ಅಂದರೆ ಗಂಭೀರ ಮನುಷ್ಯ ಎಂದರೆ ಮೂಲದಲ್ಲಿ ತಳ ಕಾಣದ ಮನುಷ್ಯ. ವಿಜಯಪುರದ ತಾಜ್ ಬಾವಡಿಯ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿದರೆ ಈ ಅರ್ಥ ತಾನಾಗಿ ತಿಳಿಯುತ್ತದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 1620ರಲ್ಲಿ ಕಟ್ಟಿದ ಬಾವಿ ಅದು. ಆ ಕಮಾನಿನ ಎದುರು ಕಪ್ಪಗೆ ಮಲಗಿದ ನೀರು ನೋಡಿದರೆ ಮಾತಾಡುತ್ತಿದ್ದವರೂ ದನಿ ತಗ್ಗಿಸುತ್ತಾರೆ.

ಆದರೆ ನಾವು ಬಳಸಿ ಬಳಸಿ ಆ ಮಾತಿನ ಆಳವನ್ನೇ ಹೂಳು ತುಂಬಿದ್ದೇವೆ. ಈಗ ಗಂಭೀರ ಎಂದರೆ ಪೇಪರಿನಲ್ಲಿ "ಇಬ್ಬರ ಸ್ಥಿತಿ ಗಂಭೀರ." ಅಪಘಾತದ ಸುದ್ದಿ ಬಿಟ್ಟು ಆ ಮಾತು ಎಲ್ಲಿ ಕಾಣುತ್ತದೆ ಹೇಳಿ? ಇಲ್ಲವೆಂದರೆ ಗ್ರೂಪ್ ಫೋಟೋದಲ್ಲಿ ನಗದೆ ಕೂತವರಿಗೆ ಅಂಟಿಸುತ್ತೇವೆ.

ತೂಕ ಹಾಗಲ್ಲ. ಅದು ನಮ್ಮದೇ ಮಾತು, ಅಚ್ಚಗನ್ನಡ. ದಿನಾ ಸಂತೆಯಲ್ಲಿ ಓಡಾಡುವ ಮಾತು. ಅದಕ್ಕೇ ಇರಬೇಕು, ಇನ್ನೂ ಸವೆದಿಲ್ಲ.

ಇದರಲ್ಲಿ ನನಗೆ ಸ್ವಂತದ ಆಸಕ್ತಿಯೂ ಇದೆ. ನಮ್ಮ ಕಾಕಾ ಮೂವತ್ತು ವರ್ಷ ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ತೂಕ ಮಾಡುತ್ತಿದ್ದ. ಅದೇ ಅವನ ಕೆಲಸ, ಅದೇ ಅವನ ಹೆಸರು. ಊರಲ್ಲಿ ಅವನ ನಿಜವಾದ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ತೂಕದವರ ಮನಿ ಯಾವುದು?" ಎಂದರೆ ಸಣ್ಣ ಮಕ್ಕಳೂ ತೋರಿಸುತ್ತಿದ್ದವು.

ಮಹಾಲಿಂಗಪುರದ ಬೆಲ್ಲದ ಪೇಟೆ ಗೊತ್ತಿಲ್ಲದವರಿಗೆ ಎರಡು ಮಾತು. ಸುತ್ತಲೂ ಕಬ್ಬಿನ ಸೀಮೆ. ಈಗ ಕಬ್ಬೆಲ್ಲ ಸಕ್ಕರೆ ಕಾರ್ಖಾನೆಗಳಿಗೆ ಹೋಗುವುದೇ ಹೆಚ್ಚು. ಆದರೂ ಗಾಣಗಳು ಪೂರ್ತಿ ನಿಂತಿಲ್ಲ. ಬೆಳಿಗ್ಗೆ ಹೋದರೆ ಅಡತಿ ಅಂಗಡಿಗಳ ಮುಂದೆ ನೆಲದ ಮೇಲೆ ಸಾಲಾಗಿ ಬೆಲ್ಲದ ಪೆಂಟಿಗಳು. ಕೆಲವು ಬಂಗಾರದ ಬಣ್ಣ, ಕೆಲವು ಕರ್ರಗೆ ಕಾಕಂಬಿಯ ಹಾಗೆ. ಖರೀದಿದಾರರು ಮೂಲೆಯಲ್ಲಿ ಚೂರು ಕಿತ್ತು ಬಾಯಿಗೆ ಹಾಕಿಕೊಂಡು ಮುಂದೆ ಹೋಗುತ್ತಾರೆ. ಅವರ ಹಿಂದೆ ಲಿಲಾವು ಕೂಗುವವನು, ಅವನ ಹಿಂದೆ ರೈತ, ರೈತನ ಹಿಂದೆ ನೊಣ. ಸಣ್ಣವನಿದ್ದಾಗ ಸೂಟಿ ಬಿಟ್ಟರೆ ನಾನು ಅಲ್ಲೇ ಇರುತ್ತಿದ್ದೆ. ಕಾಕಾನ ಮೇಲಿನ ಪ್ರೀತಿಗಿಂತ ಬೆಲ್ಲದ ಚೂರಿನ ಆಸೆ ಜಾಸ್ತಿ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಕಾಕಾನ ಕಾಟಾ ಮೂರು ಉದ್ದನೆಯ ಕಟ್ಟಿಗೆಗಳನ್ನು ಮೇಲೆ ಜೋಡಿಸಿ ಕಟ್ಟಿ, ನಡುವೆ ಕೊಕ್ಕೆಗೆ ನೇತುಹಾಕಿದ ದೊಡ್ಡ ತಕ್ಕಡಿ. ಕಬ್ಬಿಣದ ಕೋಲು, ಎರಡು ಕಡೆ ಸರಪಳಿ, ಸರಪಳಿಗೆ ಚೌಕನೆಯ ತಟ್ಟೆ. ಒಂದು ತಟ್ಟೆಯಲ್ಲಿ ಕಲ್ಲು, ಇನ್ನೊಂದರಲ್ಲಿ ಮಾಲು. ಕಲ್ಲು ಎಂದರೆ ಕಲ್ಲಲ್ಲ, ಎರಕದ ಕಬ್ಬಿಣ. ಆದರೆ ನಮ್ಮ ಬಾಯಲ್ಲಿ ಇವತ್ತಿಗೂ ಐದು ಕಿಲೋದ ಕಲ್ಲು, ಹತ್ತು ಕಿಲೋದ ಕಲ್ಲು. ಅದರ ಹೊಟ್ಟೆಯಲ್ಲಿ ಒಂದು ತೂತು, ತೂತಿಗೆ ಸೀಸ ತುಂಬಿ ಸರಕಾರದ ಮುದ್ರೆ ಒತ್ತಿರುತ್ತಿತ್ತು. 1956ರಲ್ಲಿ ಕಾಯ್ದೆ ಆಗಿ, 1958ರಿಂದ ಕಿಲೋ ಲೆಕ್ಕ ಬರತೊಡಗಿತು. ಆದರೂ ನಮ್ಮ ಅಜ್ಜ ಸಾಯುವ ತನಕ ಶೇರಿನಲ್ಲೇ ಲೆಕ್ಕ ಹಾಕುತ್ತಿದ್ದ. ಶೇರು ಎಂದರೆ 80 ತೊಲ, ಈಗಿನ ಲೆಕ್ಕಕ್ಕೆ 933 ಗ್ರಾಂ. "ಕಿಲೋ ಬಂದು ಜಗತ್ತು ಭಾರ ಆತು" ಅನ್ನುತ್ತಿದ್ದ ಮುದುಕ.

ಎಣಿಕೆ ಶುರುವಾಗುತ್ತಿದ್ದುದು ‘ಒಂದು’ ಅಂತ ಅಲ್ಲ, ‘ಲಾಭ’ ಅಂತ. ಲಾಭ, ಎರಡು, ಮೂರು... ಇದು ನಮ್ಮ ಕಡೆಯ ಯಾವ ಕಣದಲ್ಲೂ ಕೇಳುವ ಲೆಕ್ಕ. ಯಾರ ಲಾಭ ಎಂದು ಮಾತ್ರ ರೈತರು ಕೇಳಬೇಕು.

ಈ ಕಾಟಾ ಎನ್ನುವ ಮಾತಿನ ಒಳಗೂ ಒಂದು ಮುಳ್ಳಿದೆ. ನಿಜವಾಗಿಯೂ ಮುಳ್ಳು. ಮರಾಠಿ, ಹಿಂದಿಯಲ್ಲಿ ಕಾಟಾ ಎಂದರೆ ಮುಳ್ಳೇ. ತಕ್ಕಡಿಯ ಕೋಲಿನ ನಟ್ಟನಡುವೆ ನೆಟ್ಟಗೆ ನಿಂತ ಸಣ್ಣ ಕಡ್ಡಿ ಇರುತ್ತದಲ್ಲ, ಅದು ಮುಳ್ಳು. ಕನ್ನಡದಲ್ಲೂ ಅದು ಮುಳ್ಳೇ, ಗಡಿಯಾರದ ಮುಳ್ಳಿನ ಹಾಗೆ. ತೂಕ ಗೊತ್ತಾಗುವುದು ಕಲ್ಲಿನಿಂದಲೂ ಅಲ್ಲ, ತಟ್ಟೆಯಿಂದಲೂ ಅಲ್ಲ, ಆ ಮುಳ್ಳಿನಿಂದ. ಕಬ್ಬು ಕಾರ್ಖಾನೆಯ ಮುಂದಿನ ದೊಡ್ಡ ವೇ ಬ್ರಿಜ್‌ಗೂ ನಮ್ಮವರು ಕಾಟಾ ಅಂತಲೇ ಅನ್ನುತ್ತಾರೆ. ಅಲ್ಲಿ ಮುಳ್ಳಿಲ್ಲ, ಕೆಂಪು ಅಂಕಿಗಳಿವೆ. ಒಮ್ಮೆ ನಮ್ಮ ಕಬ್ಬಿನ ಟ್ರ್ಯಾಕ್ಟರ್ ಒಂದು ಕಾರ್ಖಾನೆಯ ಮುಂದೆ ಎರಡು ದಿನ ಪಾಳಿ ಹಚ್ಚಿ ನಿಂತಿತ್ತು. ಬಿಸಿಲಿಗೆ ಕಬ್ಬು ಒಣಗಿ ತೂಕ ಇಳಿಯಿತು. ಕಾಟಾದಲ್ಲಿ ಮೋಸ ಆಗಿದೆ ಎಂದು ನಾನು ಗಲಾಟೆ ಮಾಡಿದೆ. ಆಗಿತ್ತೋ ಇಲ್ಲವೋ, ಸಾಬೀತು ಮಾಡಲು ನನ್ನ ಬಳಿ ಏನೂ ಇರಲಿಲ್ಲ. ಕಬ್ಬಿನ ತೂಕ ಬಿಸಿಲು ತಿಂದಿತ್ತು, ನನ್ನ ತೂಕ ನಾನೇ ತಿಂದೆ.

ಈಗ ಮೂಲಕ್ಕೆ ಬರುತ್ತೇನೆ. ತೂಕ ಹುಟ್ಟಿದ್ದು ‘ತೂಗು’ ಎಂಬ ಕ್ರಿಯೆಯಿಂದ. ಈ ತೂಗು ಎನ್ನುವುದು ಏನೇನು ಕೆಲಸ ಮಾಡುತ್ತದೆ ನೋಡಿ. ಅಕ್ಕಿ ತೂಗುತ್ತೇವೆ. ತೊಟ್ಟಿಲು ತೂಗುತ್ತೇವೆ. ತಲೆ ತೂಗುತ್ತೇವೆ. ಅಂಗಡಿಯವನ ಕೈಯಲ್ಲಿ ಅದು ಭಾರ ಅಳೆಯುವುದು, ಬಾಣಂತಿಯ ಕೈಯಲ್ಲಿ ಅದು ಮಗು ಮಲಗಿಸುವುದು, ಕೀರ್ತನೆಯಲ್ಲಿ ಅದು ಒಪ್ಪಿಗೆ. ಮೂರಕ್ಕೂ ಒಂದೇ ಮಾತು. ಯಾಕೆಂದರೆ ಮೂರೂ ಕಡೆ ಏನೋ ಒಂದು ಆ ಕಡೆ ಈ ಕಡೆ ಹೊಯ್ದಾಡುತ್ತದೆ.

ಅಕ್ಕಪಕ್ಕದ ಭಾಷೆಗಳನ್ನು ನೋಡಿದರೆ ಇನ್ನೂ ಮಜಾ ಇದೆ. ತಮಿಳಿನಲ್ಲಿ ತೂಙ್ಗು ಎಂದರೆ ನೇತಾಡುವುದು, ಮಲಗುವುದೂ ಹೌದು. ತೂಕ್ಕು ಎಂದರೆ ಎತ್ತುವುದು, ತೂಗಿ ನೋಡುವುದು. ತೆಲುಗಿನ ತೂಗು ನಮ್ಮದರ ಹಾಗೇ ಉಯ್ಯಾಲೆಗೂ ತಕ್ಕಡಿಗೂ ಎರಡಕ್ಕೂ ಆಗುತ್ತದೆ. ಅವರ ತೂಕಂ ನಮ್ಮ ತೂಕವೇ. ತೂಕ್ಕಂ ಎಂದು ತಮಿಳರ ಮನೆಯಲ್ಲಿ ಅಂದರೆ ನಿದ್ದೆ, ಅದನ್ನೇ ಮಲಯಾಳಿಗಳ ಅಂಗಡಿಯಲ್ಲಿ ಅಂದರೆ ಭಾರ. ಒಂದೇ ಬೇರು, ಒಂದು ಟೊಂಗೆಯಲ್ಲಿ ಜೋಕಾಲಿ, ಇನ್ನೊಂದರಲ್ಲಿ ತಕ್ಕಡಿ.

ಅಂದರೆ ತೂಕ ಎನ್ನುವ ಮಾತಿನ ಬೇರಿನಲ್ಲಿ ಭಾರ ಇಲ್ಲವೇ ಇಲ್ಲ. ನೇತಾಡುವುದು, ಹೊಯ್ದಾಡುವುದು ಇದೆ. ಭಾರ ಆಮೇಲೆ ಬಂದು ಸೇರಿಕೊಂಡಿತು. ನಮ್ಮ ಹಿರಿಯರಿಗೆ ಒಂದು ವಸ್ತು ಎಷ್ಟು ಭಾರ ಎಂದು ತಿಳಿಯಲು ಇದ್ದ ದಾರಿ ಅದನ್ನು ತೂಗುಹಾಕಿ ನೋಡುವುದು.

ಸಂಸ್ಕೃತದವರು ಬೇರೆ ದಾರಿ ಹಿಡಿದರು. ಅವರ ಗುರು ಎಂಬ ಮಾತಿಗೆ ಮೊದಲ ಅರ್ಥವೇ ಭಾರವಾದದ್ದು. ಮೇಷ್ಟ್ರು ಆಮೇಲೆ. ಛಂದಸ್ಸಿನ ಗುರು ಲಘು ಶಾಲೆಯಲ್ಲಿ ಕಲಿತಿದ್ದೇವಲ್ಲ, ಅಲ್ಲಿ ಹಳೆಯ ಅರ್ಥ ಹಾಗೇ ಉಳಿದಿದೆ, ಭಾರದ ಅಕ್ಷರ ಮತ್ತು ಹಗುರ ಅಕ್ಷರ. ಗುರುವಿನಿಂದಲೇ ಗೌರವ. ಯಾರಿಗಾದರೂ ಗೌರವ ಕೊಟ್ಟೆವು ಎಂದರೆ ಅವರನ್ನು ಭಾರ ಮಾಡಿದೆವು ಎಂದು ಅರ್ಥ. ಪೇಪರಿನಲ್ಲಿ ಬರುವ ಗರಿಷ್ಠ ತಾಪಮಾನದ ಗರಿಷ್ಠವೂ ಗುರುವಿನ ಮನೆಯದೇ, ಎಲ್ಲಕ್ಕಿಂತ ಭಾರವಾದದ್ದು. ಏಪ್ರಿಲ್ ತಿಂಗಳಲ್ಲಿ ಬಾಗಲಕೋಟೆಯಲ್ಲಿ ಇದ್ದವರಿಗೆ ಈ ವ್ಯುತ್ಪತ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಆದಿಲ್‌ಶಾಹಿ ಸೀಮೆಯವರಾದ ನಮಗೆ ಮೂರನೆಯದೂ ಒಂದಿದೆ, ವಜನ್. ಅರಬ್ಬಿ ಮಾತು. ತಕ್ಕಡಿಗೆ ಅವರು ಮೀಜಾನ್ ಅನ್ನುವುದೂ ಅದೇ ಬೇರಿನಿಂದ. ಉರ್ದು ಕವಿತೆಯ ಛಂದಸ್ಸಿಗೂ ವಜನ್ ಅಂತಾರೆ. ನಮ್ಮ ಗುರು ಲಘುವಿಗೆ ಇದು ದೂರದ ಬೀಗರ ಹಾಗೆ. ಆದರೆ ನಮ್ಮ ಮಾತಿನಲ್ಲಿ ವಜನ್‌ಗೆ ಬೇರೆಯದೇ ದಾರಿ ಆಯಿತು. "ಅವಂದು ವಜನ್ ಐತಿ" ಅಂದರೆ ಅವನ ಸ್ವಭಾವದ ಮಾತಲ್ಲ, ಅವನ ಕೈ ಎಲ್ಲೆಲ್ಲಿ ಮುಟ್ಟುತ್ತದೆ ಎನ್ನುವ ಮಾತು. ನಾನೊಮ್ಮೆ ಹೊಲದ ಕಾಗದಕ್ಕೆ ಒಂದು ಕಚೇರಿಗೆ ಆರು ಸಲ ಅಲೆದೆ. ಆರನೇ ಸಲ ಅಲ್ಲಿಯವರೊಬ್ಬರು ಮೇಲೆ ತಿರುಗುತ್ತಿದ್ದ ಫ್ಯಾನ್ ತೋರಿಸಿದರು. "ಏನ್ ಮಾಡೂದ್ರಿ ಸಾಹೇಬ್ರ, ಗಾಳಿಗಿ ಫೈಲು ಹಾರತಾವ. ಸ್ವಲ್ಪ ವಜನ್ ಇಡ್ರೆಲಾ." ಇಂಥ ಕೆಟ್ಟ ಕೆಲಸಕ್ಕೆ ಇಷ್ಟು ಚಂದದ ಮಾತು ನಮ್ಮಲ್ಲಿ ಬಿಟ್ಟರೆ ಎಲ್ಲಿ ಸಿಗಬೇಕು? ವಜನ್ ಹೊರಗಿನಿಂದ ಇಡಬಹುದು. ತೂಕ ಇಡಲು ಬರುವುದಿಲ್ಲ, ಆ ಫೈಲಿನ ಮೇಲೂ ಸಹ.

ತೂಕ ಎನ್ನುವ ಮಾತು ಪೂರ್ತಿ ಸಂಭಾವಿತ ಅಂತಲೂ ನಾನು ಹೇಳಲಾರೆ. ಇದನ್ನು ಬರೆಯುತ್ತಿದ್ದೇನೆ ಎಂದು ತಂಗಿಗೆ ಫೋನಿನಲ್ಲಿ ಹೇಳಿದೆ. ಅವಳು ಬೆಳಗಾವಿಯಲ್ಲಿದ್ದಾಳೆ. "ನಿಮಗೇನಪ್ಪಾ, ಗಣಮಕ್ಕಳಿಗೆ ಅದು ಹೊಗಳಿಕಿ. ನಮಗ ಅದು ಬೈಗಳಾ" ಅಂದಳು. ನಿಜ. ನಾವು ಅಣ್ಣತಮ್ಮಂದಿರು ಮಾಳಿಗೆ ಮೇಲೆ ಕೂಗಾಡಿದರೆ ಹುಡುಗರು. ಅವಳು ಜೋರಾಗಿ ನಕ್ಕರೆ "ಹೆಣ್ಣಮಗಳು ತೂಕಲೆ ಇರಬೇಕು." ಜೋಕಾಲಿ ಜೋರಾಗಿ ಜೀಕಿದರೂ ಅದೇ ಮಾತು. ನಾಗರ ಪಂಚಮಿ ದಿನ ಒಂದೇ ಅವರಿಗೆ ಪೂರ್ತಿ ಬಿಡುಗಡೆ. ಅವತ್ತು ಮುದುಕಿಯರೂ ಸೀರೆ ಬಿಗಿದು ಕಟ್ಟಿ ಜೋಕಾಲಿ ಏರುತ್ತಾರೆ. ತೂಗು ಎನ್ನುವ ಮಾತಿನ ಅರ್ಧವನ್ನು ಗಂಡಸರು ಅಂಗಡಿಗೆ ಒಯ್ದು ಉಳಿದ ಅರ್ಧವನ್ನು ಹೆಣ್ಣುಮಕ್ಕಳಿಗೆ ವರ್ಷಕ್ಕೊಂದು ದಿನ ಕೊಟ್ಟೆವೇನೋ ಅಂತ ಅನ್ನಿಸಿತು.

ಅವ್ವನೂ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಹೇಳಿ ಅವಳನ್ನು ಮೆಚ್ಚಿಸಲು ನೋಡಿದೆ. ಅವಳು ನಂಬಲಿಲ್ಲ. "ಯಾರು ಹೇಳ್ಯಾರ? ತುಂಬಿದ ಕೊಡಾನೂ ತುಳುಕತೈತಿ. ಹೊಳಿಯಿಂದ ಹೊತ್ತು ತಂದಾಕಿ ನಾನು. ನೀ ಹೊತ್ತೀಯೇನು?" ಅಂದಳು. ಘಟಪ್ರಭೆಯ ದಂಡೆಯ ಊರಿನವಳು ಅವಳು. ಗಾದೆ ಮಾಡಿದವರು ಕೊಡ ಹೊತ್ತಿರಲಿಲ್ಲ ಎಂದು ನನಗೂ ಈಗ ಸಂಶಯ.

ನಮ್ಮ ಜಿಲ್ಲೆಯಲ್ಲೇ ಮನುಷ್ಯನ ಸ್ವಭಾವದ ಬಗ್ಗೆ ಬರೆದ ಬಹಳ ಹಳೆಯ ಕನ್ನಡ ಸಾಲುಗಳಿವೆ. ಬಾದಾಮಿಯ ಕೆರೆಯ ಉತ್ತರಕ್ಕೆ, ಬಂಡೆಯ ಮೇಲೆ, ಕಪ್ಪೆ ಅರಭಟ್ಟನ ಶಾಸನ. ಸುಮಾರು 700ನೇ ಇಸವಿಯ ಕಾಲದ್ದು. ತ್ರಿಪದಿಯ ಅತಿ ಹಳೆಯ ಮಾದರಿ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು: ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್.’ ಒಳ್ಳೆಯವನಿಗೆ ಒಳ್ಳೆಯವನು, ಸವಿಯಾದವನಿಗೆ ಸವಿಯಾದವನು, ಕಾಡುವ ಕಲಿಗೆ ಮಾತ್ರ ಕಲಿಯುಗಕ್ಕೇ ತಿರುಗಿ ಬಿದ್ದವನು. ನೋಡಿದರೆ ಇದೂ ಒಂದು ತಕ್ಕಡಿಯೇ. ಆ ಕಡೆ ಎಷ್ಟು ಇಡುತ್ತೀರೋ ಈ ಕಡೆ ಅಷ್ಟು. ಹತ್ತನೇ ಇಯತ್ತೆಯಲ್ಲಿ ನನಗೆ ಈ ಅರಭಟ್ಟ ಬಹಳ ಹಿಡಿಸಿದ್ದ. ಗಂಡಸೆಂದರೆ ಹೀಗಿರಬೇಕು ಅನ್ನಿಸುತ್ತಿತ್ತು. ಈಗ ನೋಡಿದರೆ ಅವನ ಬಗ್ಗೆ ನನಗೊಂದು ತಕರಾರಿದೆ. ಎದುರಿನವನು ಇಟ್ಟಷ್ಟೇ ತಿರುಗಿ ಇಡುವವನ ಮುಳ್ಳು ಎದುರಿನವನ ಕೈಯಲ್ಲಿ ಇರುತ್ತದೆ. ಈ ತಕರಾರು ನನಗೆ ಪುಸ್ತಕದಿಂದ ಬಂದದ್ದಲ್ಲ.

ನಾನು ಏಳನೇ ಇಯತ್ತೆ ಇದ್ದೆ. ದೀಪಾವಳಿ ಸೂಟಿ ಮುಗಿಯುವ ಹೊತ್ತು. ಹೊಸ ಬೆಲ್ಲ ಆಗಷ್ಟೇ ಬರತೊಡಗಿತ್ತು. ಜಮಖಂಡಿ ಕಡೆಯ ಒಬ್ಬ ರೈತ ಚಕ್ಕಡಿ ತುಂಬ ಬೆಲ್ಲ ತಂದಿದ್ದ. ಲಿಲಾವಿನಲ್ಲಿ ರೇಟು ಬಿದ್ದಿತ್ತು. ಮನಸ್ಸು ಕೆಟ್ಟಿತ್ತು ಅವನಿಗೆ. ಮನೆಯಲ್ಲಿ ತೂಗಿಕೊಂಡು ಬಂದ ಲೆಕ್ಕಕ್ಕೂ ಇಲ್ಲಿಯದಕ್ಕೂ ಫರಕು ಬಂತು. ಜನರ ಎದುರಿಗೇ ಕಾಕಾನ ಮೇಲೆ ಏರಿ ಬಂದ. "ನಿನ್ನ ಕಾಟಾ ಸುಳ್ಳು. ನೀನೂ ಸುಳ್ಳು. ಅಡತಿಯವರ ಉಪ್ಪು ತಿಂದು ರೈತರ ಹೊಟ್ಟಿ ಹೊಡಿತೀ" ಅಂದ. ಇನ್ನೂ ಏನೇನೋ ಅಂದ. ನಮ್ಮ ಅಜ್ಜಿಯ ಹೆಸರನ್ನೂ ಬಿಡಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಕಾಕಾ ಹುಟ್ಟಾ ಸಮಾಧಾನಿ ಏನಲ್ಲ. ಹರೆಯದಲ್ಲಿ ಗರಡಿಮನೆಯಲ್ಲಿ ಕುಸ್ತಿ ಹಿಡಿದವನು. ಮನೆಯಲ್ಲಿ ಅವನಿಗೆ ಕಡ್ಡಿಪೆಟ್ಟಿಗೆ ಎಂದು ಹೆಸರಿತ್ತು. ಒಮ್ಮೆ ಊಟದಲ್ಲಿ ಉಪ್ಪು ಜಾಸ್ತಿ ಆಯಿತೆಂದು ಗಂಗಾಳ ಎತ್ತಿ ಅಂಗಳಕ್ಕೆ ಎಸೆದಿದ್ದನಂತೆ. ಹಾಗಾಗಿ ಆ ಹೊತ್ತಿಗೆ ಹಮಾಲರೆಲ್ಲ ಕೈಬಿಟ್ಟು ನಿಂತರು. ನಾನು ಬೆಲ್ಲದ ಚೂರು ಬಾಯಲ್ಲಿಟ್ಟುಕೊಂಡವನು ನುಂಗುವುದನ್ನೇ ಮರೆತೆ.

ಕಾಕಾ ಮಾತಾಡಲಿಲ್ಲ. ಎಡಗೈಯಲ್ಲಿ ತಟ್ಟೆಯ ಸರಪಳಿ ಹಿಡಿದಿದ್ದ. ಹೆಬ್ಬೆರಳು ಆ ಸರಪಳಿಯ ಒಂದು ಕೊಂಡಿಯ ಮೇಲೆ ಮೇಲೆ ಕೆಳಗೆ, ಮೇಲೆ ಕೆಳಗೆ ತಿಕ್ಕುತ್ತಿತ್ತು. ಬೆಲ್ಲದ ಅಂಟಿಗೆ ಅಲ್ಲಿನ ಕಬ್ಬಿಣ ಕಪ್ಪಗೆ ಮಿಂಚುತ್ತಿತ್ತು. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಹಮಾಲರಿಗೆ ಇಷ್ಟೇ ಅಂದ: "ಇಳಸ್ರಿ."

ಪೆಂಟಿಗಳನ್ನು ಇಳಿಸಿದರು. ಕಲ್ಲುಗಳನ್ನೂ ತೆಗೆಸಿದ. ಖಾಲಿ ತಕ್ಕಡಿ ಅಲ್ಲಾಡಿತು. ಮುಳ್ಳು ನಿಲ್ಲುವವರೆಗೆ ಕಾದು, ರೈತನಿಗೆ ಹತ್ತಿರ ಬಂದು ನೋಡಲು ಹೇಳಿದ. ಮುಳ್ಳು ನಟ್ಟನಡುವೆ ಇತ್ತು. ಆಮೇಲೆ ಮಾಲು ಇದ್ದ ತಟ್ಟೆಗೆ ಕಲ್ಲು ಇಡಿಸಿದ, ಕಲ್ಲು ಇದ್ದ ತಟ್ಟೆಗೆ ಮಾಲು. ಅದಲು ಬದಲು. ಕೋಲಿನ ಒಂದು ಕೈ ಉದ್ದ ಇನ್ನೊಂದು ಗಿಡ್ಡ ಇದ್ದರೆ ಖಾಲಿ ಇದ್ದಾಗ ಹೇಗೋ ಸಮ ಮಾಡಿ ತೋರಿಸಬಹುದು. ಭಾರ ಬಿದ್ದು ತಟ್ಟೆ ಬದಲಾದಾಗ ಮಾತ್ರ ಕಳ್ಳತನ ಹೊರಗೆ ಬಿದ್ದೇ ಬೀಳುತ್ತದೆ. ಇದು ನನಗೆ ತಿಳಿದದ್ದು ಮುಂದೆ ಕಾಲೇಜಿನಲ್ಲಿ. ಅವತ್ತು ಕಂಡದ್ದು ಇಷ್ಟೇ. ಕೋಲು ಆ ಕಡೆ ವಾಲಿತು, ಈ ಕಡೆ ವಾಲಿತು. ರೈತನ ಕಣ್ಣು ಮುಳ್ಳಿನ ಮೇಲೆ. ಎಲ್ಲರ ಕಣ್ಣೂ ಮುಳ್ಳಿನ ಮೇಲೆ. ಕಾಕಾ ಒಬ್ಬ ಮಾತ್ರ ಬೇರೆ ಕಡೆ ನೋಡುತ್ತ ನಿಂತಿದ್ದ. ಮುಳ್ಳು ಮೊದಲಿನ ಜಾಗಕ್ಕೇ ಬಂದು ನಿಂತಿತು.

ರೈತ ಏನೂ ಅನ್ನಲಿಲ್ಲ. ತಲೆಯ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ. ಕಾಕಾ ಪಾವತಿ ಚೀಟಿ ಬರೆಸಿ ಅವನ ಕೈಗೆ ಕೊಟ್ಟ. "ಚಾ ಕುಡದ ಹೋಗು" ಅಂದ.

ಅಂಗಡಿ ಹಿಂದೆ ಹೋದಾಗ ನಾನೂ ಬೆನ್ನು ಹತ್ತಿದೆ. ಕಾಕಾ ರಂಜಣಿಗೆಯಿಂದ ಎರಡು ತಂಬಿಗೆ ನೀರು ಗಟಗಟ ಕುಡಿದ. ಎರಡನೇ ತಂಬಿಗೆಯ ನೀರು ಅರ್ಧ ಅಂಗಿಯ ಮೇಲೆ ಚೆಲ್ಲಿತು. ಕೈ ನಡುಗುತ್ತಿತ್ತು.

"ಕಾಕಾ, ನಿನಗ ಸಿಟ್ಟ ಬರಲಿಲ್ಲೇನು?" ಅಂದೆ.

"ಬರಲಾರದ ಏನಲೇ? ಅವನ ಕುತ್ತಿಗಿ ಹಿಡಿಬೇಕಂತ ಕೈ ಎದ್ದಿತ್ತು. ಮುಳ್ಳು ಅಳ್ಳಾಡಾಕತ್ತಿತ್ತು. ನಿಂದ್ರಲಿ ಅಂತ ಸುಮ್ನಿದ್ನಿ."

ಆಗ ತಕ್ಕಡಿಯ ಮುಳ್ಳು ಅಂದುಕೊಂಡಿದ್ದೆ. ಆದರೆ ಆ ಹೊತ್ತಿಗೆ ತಕ್ಕಡಿ ನಿಂತಾಗಿತ್ತು. ಅವನು ಹೇಳಿದ್ದು ಯಾವ ಮುಳ್ಳು ಎಂದು ಹೊಳೆಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ಮುಂದೆ ಇಲೆಕ್ಟ್ರಾನಿಕ್ ಕಾಟಾ ಬಂದವು. ಕಾಕಾ ಕೆಲಸ ಬಿಟ್ಟು ಮನೆಯಲ್ಲೇ ಕೂತ. ಈಗ ಎಂಬತ್ತು ದಾಟಿದೆ. ಬೆಂಗಳೂರಿನ ಫೋನ್ ಬಂದ ವಾರವೇ ನವನಗರದಿಂದ ಬಸ್ ಹಿಡಿದು ಮಹಾಲಿಂಗಪುರಕ್ಕೆ ಹೋಗಿ ಅವನ ಎದುರು ಕೂತೆ. ತೂಗು, ತೊಟ್ಟಿಲು, ತಮಿಳರ ನಿದ್ದೆ ಎಲ್ಲ ಹೇಳಿದೆ. ನನ್ನ ಶೋಧದ ಬಗ್ಗೆ ನನಗೆ ಸ್ವಲ್ಪ ಹಮ್ಮೇ ಬಂದಿತ್ತು. ತೂಕದ ಮನುಷ್ಯ ಎಂದರೆ ಅಲ್ಲಾಡದವನಲ್ಲ, ಅಲ್ಲಾಡಿ ಬೇಗ ನಿಲ್ಲುವವನು, ಅಲ್ವಾ ಕಾಕಾ, ಅಂದೆ.

"ಲಗೂನ ನಿಂತ್ರ ಸಂಶೇ ಪಡಬೇಕು" ಅಂದ.

ನನಗೆ ಅರ್ಥ ಆಗಲಿಲ್ಲ. ಅವನೇ ಬಿಡಿಸಿ ಹೇಳಿದ. ಅಕ್ಕಸಾಲಿಗರ ತಕ್ಕಡಿ ನೋಡು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಉಸಿರು ತಾಗಿದರೂ ಅಲ್ಲಾಡುತ್ತದೆ. ಗುಲಗಂಜಿಯಷ್ಟು ಹೆಚ್ಚು ಕಮ್ಮಿ ಆದರೂ ಅದಕ್ಕೆ ಗೊತ್ತಾಗುತ್ತದೆ, ಅದಕ್ಕೇ ಅದು ನಿಲ್ಲಲು ಹೊತ್ತು ಹಿಡಿಯುತ್ತದೆ. ಬೆಲ್ಲದ ಕಾಟಾ ಅಷ್ಟು ಸೂಕ್ಷ್ಮ ಅಲ್ಲ, ಲಗು ನಿಲ್ಲುತ್ತದೆ. ಎಲ್ಲಕ್ಕಿಂತ ಲಗು ನಿಲ್ಲುವುದು ಯಾವುದು ಗೊತ್ತೇನು? ಕೋಲು ಕೂತು ಓಲಾಡುವ ನಡುವಿನ ಅಲಗಿಗೆ ತುಕ್ಕು ಹಿಡಿದದ್ದು. ಕಲ್ಲು ಇಟ್ಟ ಕೂಡಲೇ ಗಪ್ಪಂತ ನಿಂತುಬಿಡುತ್ತದೆ. ಒಂದು ಪಾವಶೇರು ತೆಗೆದರೂ ನಿಂತೇ ಇರುತ್ತದೆ, ಎರಡು ತೆಗೆದರೂ ನಿಂತೇ ಇರುತ್ತದೆ. "ನೋಡಾಕ ಭಾಳ ಚಲೋ ತಕ್ಕಡಿ. ಮಂದಿಗಿ ಅದರ ಮ್ಯಾಲೇ ನಂಬಿಗಿ ಜಾಸ್ತಿ."

ಕಾಕಾ ಶಾಲೆಗೆ ಹೋದದ್ದು ನಾಲ್ಕನೇ ಇಯತ್ತೆವರೆಗೆ. ಅವನು ಹೇಳಿದ್ದು ಮಾತ್ರ ಭೌತಶಾಸ್ತ್ರದ ಪ್ರಕಾರವೂ ಸರಿ. ಕೋಲಿನ ಭಾರದ ನಡುಬಿಂದು ಅದು ನಿಂತ ಅಲಗಿಗಿಂತ ಕೆಳಗೆ ಇರುವುದರಿಂದಲೇ ತಕ್ಕಡಿ ವಾಲಿದ್ದು ತಿರುಗಿ ಸಮಕ್ಕೆ ಬರುವುದು. ಆ ಬಿಂದು ಅಲಗಿಗೆ ಹತ್ತಿರ ಇದ್ದಷ್ಟೂ ತಕ್ಕಡಿ ಸೂಕ್ಷ್ಮ, ಅಷ್ಟೇ ನಿಧಾನ ಅದರ ಓಲಾಟ. ಬಿಂದು ಅಲಗಿಗಿಂತ ಮೇಲೆ ಹೋದರೆ ತಕ್ಕಡಿ ಮಗುಚಿಕೊಳ್ಳುತ್ತದೆ. ಅಂಥವರನ್ನೂ ನಾನು ಊರಲ್ಲಿ ನಾಲ್ಕೈದು ಜನರನ್ನು ಬಲ್ಲೆ.

ಅವತ್ತಿನಿಂದ ನನಗೆ ಗೊತ್ತಿರುವ ತೂಕದ ಮನುಷ್ಯರನ್ನೆಲ್ಲ ಮನಸ್ಸಿನಲ್ಲಿ ಒಬ್ಬೊಬ್ಬರಾಗಿ ತಂದು ನೋಡುತ್ತಿದ್ದೇನೆ. ಮನೆಯಲ್ಲಿ ಸಾವಾದರೂ ಮುಖದ ಗೆರೆ ಅಲ್ಲಾಡದವರು, ಸಭೆಯಲ್ಲಿ ಎಂಥ ಅನ್ಯಾಯದ ಮಾತು ಬಂದರೂ ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂರುವವರು. ಅವರಲ್ಲಿ ತುಕ್ಕು ಹಿಡಿದವರು ಎಷ್ಟು, ಮುಳ್ಳು ನಿಲ್ಲಲಿ ಎಂದು ಕಾಯುತ್ತಿರುವವರು ಎಷ್ಟು? ಹೊರಗಿನಿಂದ ಇಬ್ಬರೂ ಒಂದೇ ಥರ ಕಾಣುತ್ತಾರೆ. ಪಾವಶೇರು ತೆಗೆದು ನೋಡಬೇಕು. ಹಾಗೆ ನೋಡುವಷ್ಟು ಹತ್ತಿರ ಎಲ್ಲರೂ ಎಲ್ಲಿ ಬಿಟ್ಟುಕೊಳ್ಳುತ್ತಾರೆ.

ಮತ್ತೆ ಆ ಎದುರು ಮನೆಯ ಹುಡುಗ. ಅವನನ್ನು ತೂಕದವನು ಎಂದು ಅಷ್ಟು ಸಲೀಸಾಗಿ ಹೇಳಿಬಿಟ್ಟೆನಲ್ಲ ಎಂದು ನನಗೆ ಒಳಗೊಳಗೇ ಕಸಿವಿಸಿ. ಒಂದು ಸಂಜೆ ಅವನು ಬೈಕಿಗೆ ಗಾಳಿ ಹೊಡೆಯುತ್ತಿದ್ದಾಗ ಹತ್ತಿರ ಹೋಗಿ ಮಾತಾಡಿಸಿದೆ. ಬೆಂಗಳೂರಿನವರು ಬಂದು ನೋಡಿಕೊಂಡು ಹೋದರಂತೆ. "ಏನ್ ಅಂದ್ರಪಾ?" ಅಂದೆ. ಮುಖ ಕೆಂಪಗಾಯಿತು. ಪಂಪು ಒತ್ತುವುದನ್ನು ಜೋರು ಮಾಡಿದ. "ಇನ್ನೂ ಏನೂ ಹೇಳಿಲ್ರಿ ಅಂಕಲ್... ಮೂರು ದಿನ ಆತು, ನಿದ್ದಿ ಬರಾಕ ಒಲ್ದು" ಅಂದ. ನನಗೆ ಸ್ವಲ್ಪ ಧೈರ್ಯ ಬಂತು.

ಕಳೆದ ಭಾನುವಾರ ಈ ಬರಹದ ಅರ್ಧವನ್ನು ಕಾಕಾನಿಗೆ ಓದಿ ಹೇಳಿದೆ. ರೈತನ ಭಾಗ ಬಂದಾಗ "ಅವಾ ಜಮಖಂಡಿ ಅವಾ ಅಲ್ಲ, ತೇರದಾಳದಾವಾ" ಎಂದು ತಿದ್ದಿದ. ನಾನು ತಿದ್ದಿಲ್ಲ, ನನಗೆ ಜಮಖಂಡಿ ಎಂದೇ ನೆನಪು. ಅಕ್ಕಸಾಲಿಗರ ತಕ್ಕಡಿಯ ಭಾಗಕ್ಕೆ ಬರುವ ಹೊತ್ತಿಗೆ ಅವನಿಂದ ದನಿ ಇಲ್ಲ. ತಲೆ ಎತ್ತಿ ನೋಡಿದೆ. ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಲ್ಲೇ ತೂಕಡಿಸುತ್ತಿದ್ದ. ತಲೆ ನಿಧಾನವಾಗಿ ಎಡಕ್ಕೆ ವಾಲುತ್ತಿತ್ತು, ಥಟ್ಟನೆ ನೆಟ್ಟಗಾಗುತ್ತಿತ್ತು, ಮತ್ತೆ ಬಲಕ್ಕೆ.